ದೋಷ ಹೇಳುವವರು, ದೋಷ ಕೇಳುವವರು

ದೋಷವನ್ನು ತೋರಿಸುವವನನ್ನು ಲೋಕವು ಪ್ರೀತಿಯಿಂದ ಕಂಡ ಉದಾಹರಣೆಗಳು ಕಡಮೆ. ಮದುವೆಯ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದ ನೆಂಟನನ್ನು ಬೀಗರು ಬಹುಕಾಲ ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ಪುಸ್ತಕದಲ್ಲಿನ ಅಚ್ಚಿನ ತಪ್ಪುಗಳಿಗೆಲ್ಲ ಗುರುತು ಹಾಕಿ ಕಳುಹಿಸಿದ ವಾಚಕನಿಗೆ ಗ್ರಂಥಕರ್ತರು ಕೃತಜ್ಞತೆಯ ಕಾಗದವನ್ನೇನೋ ಬರೆಯುತ್ತಾರೆ. ಮುಂದಿನ ಪುಸ್ತಕವನ್ನು ಕಳುಹಿಸುವುದಿಲ್ಲ. ಕೇಳುವವನ ಪಾಡೂ ಸುಖದ್ದೆಂದು ಹೇಳಲಾರೆ. ದಿನವೂ ಬೆಳಗಾದರೆ ಹತ್ತು ಜನರಿಂದ ಹತ್ತು ಕೊರತೆಗಳನ್ನು ಕೇಳಬೇಕಾದವನು ಕಾಲಕ್ರಮದಲ್ಲಿ ಒಂದು ಬಗೆಯ ಕಿವುಡನ್ನು ಅಭ್ಯಾಸ ಮಾಡಿಕೊಳ್ಳುತ್ತಾನೆ. ಆ ಕಿವುಡಿನ ವಿಷಯವಾಗಿಯೇ ನಾನು ಈಗ ನಾಲ್ಕು ಮಾತು ಬರೆಯಬೇಕೆಂದಿರುವುದು. ಅದು ನನಗೆ ಅನುಭವದಿಂದ ತಿಳಿದ ವಿಷಯ.

ನಾನು ಬೀದರಿನಲ್ಲಿ ಕನ್ನಡ ಪಾಠ ಹೇಳುವವನು. ಯಂತ್ರವಿದ್ಯೆಯನ್ನು ಕ್ರಮವಾಗಿ ಕಲಿತವನಲ್ಲ. ಆದರೂ ಕೆಲವು ವರ್ಷಗಳಿಂದ ಬೆಳಗಿನ ಒಂದು ಗಂಟೆಯನ್ನು ಒಂದು ಮುಕ್ತ ತಂತ್ರಾಂಶದ ಕೆಲಸಕ್ಕೆ ಕೊಟ್ಟಿದ್ದೇನೆ. ಲೇಖನಗಳನ್ನು ಬರೆದು, ತಿದ್ದಿ, ಕೂಡಿಡಲು ಅನುಕೂಲವಾದ ತಂತ್ರಾಂಶ ಅದು. ಅದರ ಹೆಸರನ್ನು ಹೇಳುವುದಿಲ್ಲ. ಮುಂದೆ ಹೇಳಲಿರುವ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ ಆಗಿರುವಾಗ, ಹೆಸರು ಹೇಳಿ ಇತರರನ್ನು ಅದರೊಳಕ್ಕೆ ಎಳೆಯುವುದು ಸರಿಯಲ್ಲ.

ಮುಕ್ತ ತಂತ್ರಾಂಶವೆಂದರೇನೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಯಂತ್ರಕ್ಕೆ ನಾವು ಕೊಡುವ ಆಜ್ಞೆಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನೆರೆಯವನಿಗೆ ಕೊಡಬಹುದು ಎಂಬ ನಿಯಮಕ್ಕೆ ಒಳಪಟ್ಟ ತಂತ್ರಾಂಶ ಅದು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಅಮೆರಿಕದಲ್ಲಿ ಗ್ನೂ ಯೋಜನೆಯನ್ನು ಸಾರಿದಂದಿನಿಂದ ಈ ಪಂಥವು ಬೆಳೆದುಬಂದಿದೆ. 1991ರಲ್ಲಿ ಲಿನಕ್ಸ್ ಬಂದಿತು. 1993ರಲ್ಲಿ ಡೆಬಿಯನ್ ಎಂಬ ಸ್ವಯಂಸೇವಕರ ಕೂಟ ಹುಟ್ಟಿತು. ಕನ್ನಡಕ್ಕೂ ಇದರ ಫಲ ದೊರೆತಿದೆ. ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರವಿನ್ಯಾಸಗಳು ಹೀಗೆ ಎಲ್ಲರಿಗೂ ದೊರೆಯತಕ್ಕವು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಈ ಬಗೆಯ ತಂತ್ರಾಂಶದ ಮೇಲೆಯೇ ನಿಂತಿದೆ. ನಮ್ಮ ಒತ್ತಕ್ಷರಗಳನ್ನು ಕೈಯೊಳಗಿನ ಫೋನಿನಲ್ಲಿ ಸರಿಯಾಗಿ ಜೋಡಿಸಿ ತೋರಿಸುವ ಹಾರ್ಫ್‌ಬಜ್ ಎಂಬ ಸಾಧನವೂ ಇದೇ ಕುಲದ್ದು.

ಇಂಥ ಕೆಲಸಗಳಲ್ಲಿ ದೋಷವಿರುವುದು ಸಹಜ. ದೋಷಕ್ಕೆ ಅಲ್ಲಿ 'ಬಗ್' ಎಂದು ಹೆಸರು, ಎಂದರೆ ಹುಳು. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ಮಾರ್ಕ್ 2 ಎಂಬ ಯಂತ್ರದೊಳಗೆ ನಿಜವಾಗಿಯೇ ಒಂದು ಪತಂಗ ಸಿಕ್ಕಿಕೊಂಡಿತ್ತೆಂದೂ, ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿದರೆಂದೂ ಹೇಳುವ ಕತೆ ನಿಜವಾದುದೇ. ಆದರೆ ಹೆಸರು ಅದಕ್ಕಿಂತ ಹಳೆಯದು. ಎಡಿಸನ್ 1878ರಲ್ಲಿಯೇ ಅದನ್ನು ಬಳಸಿದ್ದನು. ಹುಳುವನ್ನು ಕಂಡವರು ಅದನ್ನು ಬರೆದು ತಿಳಿಸಲು ಒಂದು ಬಹಿರಂಗವಾದ ದಫ್ತರವಿರುತ್ತದೆ. ಪ್ರತಿ ವರದಿಗೂ ಒಂದು ಸಂಖ್ಯೆ. ಯಾರು ಬೇಕಾದರೂ ತೆರೆದು ಓದಬಹುದು. ಡೆಬಿಯನ್ ಕೂಟದವರಂತೂ ಪ್ರಾಣಾಂತಿಕವಾದ ದೋಷದಿಂದ ಹಿಡಿದು ಬರಿಯ ಹಾರೈಕೆಯವರೆಗೆ ಏಳು ಮೆಟ್ಟಲುಗಳನ್ನು ಮಾಡಿ, ವರದಿಗಳನ್ನು ಅವುಗಳ ಮೇಲೆ ಕೂರಿಸುತ್ತಾರೆ. ದೋಷಗಳನ್ನು ಮುಚ್ಚಿಡಲಾರೆವೆಂದು 1997ರಲ್ಲಿ ಅವರು ಮಾಡಿಕೊಂಡ ಒಡಂಬಡಿಕೆಯೇ ಇದೆ. ತನ್ನ ತಪ್ಪುಗಳ ಪಟ್ಟಿಯನ್ನು ತಾನೇ ಬಾಗಿಲಿಗೆ ತೂಗುಹಾಕುವ ಸಂಸ್ಥೆಗಳು ನಮ್ಮ ಸುತ್ತ ಎಷ್ಟಿವೆಯೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ನನ್ನ ಪಾಲಿಗೆ ಬಂದದ್ದು ಈ ದಫ್ತರದ ಕಾರಕೂನಿಕೆ. ವೈದ್ಯರು ಒಳಗೆ ಕುಳಿತಿರುವಾಗ ಹೊರಗಿನ ಜಗಲಿಯಲ್ಲಿ ರೋಗಿಗಳ ಚೀಟಿ ಬರೆಯುವವನೊಬ್ಬನಿರುತ್ತಾನಲ್ಲ, ಅಂಥ ಕೆಲಸ. ಕನ್ನಡಕ್ಕೆ ಸಂಬಂಧಿಸಿದ ವರದಿಗಳನ್ನು ನಾನು ಓದಬೇಕು. ಅದೇ ದೋಷವನ್ನು ಹಿಂದೆ ಯಾರಾದರೂ ಹೇಳಿದ್ದಾರೆಯೆ ಎಂದು ನೋಡಬೇಕು. ನನ್ನ ಯಂತ್ರದಲ್ಲಿ ಅದು ಮತ್ತೆ ಕಾಣಿಸುತ್ತದೆಯೆ ಎಂದು ಪರೀಕ್ಷಿಸಬೇಕು. ಕಂಡರೆ ಅದರ ತೂಕವನ್ನು ಗೊತ್ತುಮಾಡಿ, ತಿದ್ದಬಲ್ಲವರಿಗೆ ಇಂಗ್ಲಿಷಿನಲ್ಲಿ ಬರೆದು ದಾಟಿಸಬೇಕು, ಕಾಣದಿದ್ದರೆ ಮುಚ್ಚಬೇಕು. ಮುಚ್ಚುವ ಅಧಿಕಾರ ಕೈಗೆ ಬಂದ ಮೇಲೆ ಅದನ್ನು ಚಲಾಯಿಸುವ ಸುಖವೂ ಬರುತ್ತದೆ. ಬೆಳಿಗ್ಗೆ ಹನ್ನೆರಡು ವರದಿಗಳಿದ್ದು, ಚಹ ಆರುವುದರೊಳಗಾಗಿ ಐದನ್ನು ಮುಚ್ಚಿದರೆ ಮನಸ್ಸಿಗೆ ಏನೋ ದೊಡ್ಡದನ್ನು ಸಾಧಿಸಿದ ಸಮಾಧಾನ.

ಹೀಗಿರುವಾಗ ಒಂದು ದಿನ ಎರಡು ಸಾಲಿನ ಒಂದು ವರದಿ ಬಂದಿತು. 'ನಮ್ಮ ಊರಿನ ಹೆಸರು ತಪ್ಪಾಗಿ ಬರುತ್ತದೆ. ದಯವಿಟ್ಟು ಸರಿಪಡಿಸಿ.' ಅಷ್ಟೆ. ಯಾವ ಊರು, ಯಾವ ಯಂತ್ರ, ಏನು ತಪ್ಪು, ಒಂದೂ ಇಲ್ಲ. ನಾನು ಮೈಸೂರು, ಧಾರವಾಡ, ಬೆಂಗಳೂರು, ಕಲಬುರಗಿ ಎಂದು ನಾಲ್ಕಾರು ಊರುಗಳನ್ನು ಬರೆದು, ಅವಕ್ಕೆ ವಿಭಕ್ತಿಗಳನ್ನು ಹಚ್ಚಿ ನೋಡಿದೆ. ಎಲ್ಲವೂ ನೆಟ್ಟಗಿದ್ದವು. ಯಾವ ಊರೆಂದು ಕೇಳಿ ಬರೆದೆ. ನಾಲ್ಕು ದಿನಗಳ ಮೇಲೆ 'ಔರಾದ್' ಎಂಬ ಒಂದೇ ಪದದ ಉತ್ತರ ಬಂದಿತು. ನಮ್ಮದೇ ಜಿಲ್ಲೆಯ ಹುಡುಗನೆಂದು ಸಂತೋಷವಾಗಿ, 'ಔರಾದಿನಲ್ಲಿ', 'ಔರಾದಿನಿಂದ' ಎಂದು ಬರೆದು ನೋಡಿದೆ. ಯಾವ ತಪ್ಪೂ ಇಲ್ಲ. 'ದೋಷ ಕಂಡುಬಂದಿಲ್ಲ' ಎಂದು ಬರೆದು ವರದಿಯನ್ನು ಮುಚ್ಚಿದೆ. ಅವನು ಮತ್ತೆ ಬರೆಯಲಿಲ್ಲ. ಅವನ ಮೌನವನ್ನು ನಾನು ಒಪ್ಪಿಗೆಯೆಂದು ಎಣಿಸಿದೆ.

ಆರು ತಿಂಗಳು ಕಳೆದವು. ಭಾಲ್ಕಿಯ ಕಾಲೇಜೊಂದರಲ್ಲಿ ಕನ್ನಡ ಮತ್ತು ಗಣಕಯಂತ್ರದ ವಿಷಯವಾಗಿ ಮಾತನಾಡಬೇಕೆಂದು ಕರೆ ಬಂದಿತು. ಬೀದರಿನಿಂದ ಬೆಳಗಿನ ರೈಲಿನಲ್ಲಿ ಹೋದೆ. ಮುಕ್ತ ತಂತ್ರಾಂಶದ ಮಹಿಮೆಯನ್ನು ಮುಕ್ಕಾಲು ಗಂಟೆ ವರ್ಣಿಸಿದೆ. ದೋಷವನ್ನು ಯಾರು ಬೇಕಾದರೂ ತಿಳಿಸಬಹುದು, ತಿಳಿಸುವುದು ನಿಮ್ಮ ಕರ್ತವ್ಯ ಎಂದೂ ಹೇಳಿದೆ. ಚಪ್ಪಾಳೆಯಾಯಿತು. ಎಲ್ಲರೂ ಎದ್ದ ಮೇಲೆ ಒಬ್ಬ ವಿದ್ಯಾರ್ಥಿ ಹತ್ತಿರ ಬಂದು ನಿಂತ.

'ಸರ್, ನಾ ಒಮ್ಮೆ ಬರ್ದಿದ್ದೆರಿ. ನೀವು ದೋಷ ಇಲ್ಲ ಅಂದ್ರಿ. ಅದು ಇನ್ನಾ ಹಂಗೇ ಅದ ರೀ.'

'ಏನು ಬರೆದಿದ್ದೆ, ತಮ್ಮಾ?'

'ಊರ ಹೆಸರಿಂದರಿ. ಔರಾದ್.'

ಅವನು ತನ್ನ ಫೋನನ್ನು ತೆಗೆದು ನನ್ನ ಕಣ್ಣೆದುರಿಗೇ ಬರೆದು ತೋರಿಸಿದ. 'ಔರಾದ್‌ನಲ್ಲಿ' ಎಂದು ಬರೆದ. ದಕಾರದ ಪಕ್ಕದಲ್ಲಿ ನಕಾರ ನೆಟ್ಟಗೆ ನಿಂತಿತು. ಉಳಿಸುವ ಗುಂಡಿಯನ್ನು ಒತ್ತಿ, ಅದೇ ಬರಹವನ್ನು ಮತ್ತೆ ತೆರೆದ. ಈಗ 'ಔರಾದ್ನಲ್ಲಿ' ಎಂದಿತ್ತು. ನಕಾರವು ದಕಾರದ ಕೆಳಗೆ ಒತ್ತಾಗಿ ಇಳಿದುಹೋಗಿತ್ತು. 'ಬೀದರ್‌ನಲ್ಲಿ' ಎಂದು ಬರೆದ. ಉಳಿಸಿ ತೆರೆದರೆ 'ಬೀದರ್ನಲ್ಲಿ'. ರಕಾರವು ಅರ್ಕಾವತ್ತಾಗಿ ನಕಾರದ ಆಚೆಗೆ ಹಾರಿ ಕುಳಿತಿತ್ತು. ಹುಡುಗ ಮಾತನಾಡಲಿಲ್ಲ, ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ.

ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನದ ಮುಂದೆ ಹಲಂತ ಚಿಹ್ನೆ ಬಂದು, ಅದರ ಮುಂದೆ ಇನ್ನೊಂದು ವ್ಯಂಜನ ಬಂದರೆ ಅವೆರಡೂ ಕೂಡಿ ಒತ್ತಕ್ಷರವಾಗುತ್ತವೆ. ಕೂಡಬಾರದೆಂದಿದ್ದರೆ ನಡುವೆ ಒಂದು ತಡೆಯ ಚಿಹ್ನೆಯನ್ನು ಇಡಬೇಕು. 'ಝೀರೋ ವಿಡ್ತ್ ನಾನ್ ಜಾಯ್ನರ್' ಎಂದು ಅದರ ಹೆಸರು. ಅದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಅಗಲವಿಲ್ಲ. ಕೆಲವು ಕೀಲಿಮಣೆಗಳು ಅದನ್ನು ತಾವಾಗಿಯೇ ಸೇರಿಸುತ್ತವೆ. ಕೆಲವುಗಳಲ್ಲಿ ಬರೆಯುವವನೇ ಒತ್ತಬೇಕು. ನಮ್ಮ ತಂತ್ರಾಂಶದಲ್ಲಿ ಬರಹವನ್ನು ಉಳಿಸುವಾಗ, ಕಣ್ಣಿಗೆ ಕಾಣದ ಚಿಹ್ನೆಗಳನ್ನೆಲ್ಲ ಕಸವೆಂದು ಗುಡಿಸಿಹಾಕುವ ಒಂದು ಏರ್ಪಾಡಿತ್ತು. ಅದನ್ನು ಬರೆದವರು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದರು. ಕಾಣದ ಚಿಹ್ನೆಗಳನ್ನು ತುರುಕಿ ಮೋಸ ಮಾಡುವವರುಂಟು. ಕನ್ನಡವನ್ನು ಅರಿಯದವನಿಗೆ ಕಾಣದ್ದೂ ಅಗಲವಿಲ್ಲದ್ದೂ ಆದ ವಸ್ತುವು ಕಸವಾಗಿಯೇ ತೋರುವುದು ಸಹಜ.

ಹಾಗಾದರೆ ನನಗೆ ಏಕೆ ಕಾಣಲಿಲ್ಲ? ಉತ್ತರವು ನನಗೆ ಅಷ್ಟು ಹಿತವಾದುದಲ್ಲ. ತೆಂಕಣದ ಊರುಗಳ ಹೆಸರುಗಳು ಬಹುಮಟ್ಟಿಗೆ ಸ್ವರಾಂತವಾದವು. ಮೈಸೂರು, ತುಮಕೂರು, ಮಂಡ್ಯ. ಅವಕ್ಕೆ ಪ್ರತ್ಯಯ ಹತ್ತುವಾಗ ತಡೆಯ ಚಿಹ್ನೆ ಬೇಡ. ನಮ್ಮ ಗಡಿಯ ಹೆಸರುಗಳು ಬಾಯಿಮಾತಿನಲ್ಲಿ ವ್ಯಂಜನಾಂತವಾದವು. ಬೀದರ್, ಔರಾದ್, ಹುಮನಾಬಾದ್. ಇಂದು ಇಲ್ಲಿಯ ಜನ ಅವನ್ನು ಹಾಗೆಯೇ ಬರೆಯುತ್ತಾರೆ. ನಾನಾದರೋ ಹಳೆಯ ರೂಢಿಯವನು. ಇಕಾರವನ್ನು ಸೇರಿಸಿ 'ಬೀದರಿನಲ್ಲಿ', 'ಔರಾದಿನಲ್ಲಿ' ಎಂದು ಬರೆಯುತ್ತೇನೆ. ಈ ಲೇಖನದಲ್ಲಿಯೂ ಹಾಗೆಯೇ ಬರೆದಿರುವುದನ್ನು ವಾಚಕರು ಗಮನಿಸಿರಬಹುದು. ಅವನು ಹೇಳಿದ ದೋಷವನ್ನು ನಾನು ನನ್ನ ಕನ್ನಡದಲ್ಲಿ ಹುಡುಕಿದೆ. ಅದು ಇದ್ದುದು ಅವನ ಕನ್ನಡದಲ್ಲಿ. ಒಬ್ಬ ಮಿತ್ರರಿಗೆ ಈ ಸಂಗತಿಯನ್ನು ಹೇಳಿದಾಗ, 'ಹುಡುಗರು ಶುದ್ಧವಾಗಿ ಔರಾದಿನಲ್ಲಿ ಎಂದು ಬರೆದರಾಯಿತು, ತೊಂದರೆಯೇ ಇರುವುದಿಲ್ಲ' ಎಂದರು. ತಲೆಗೆ ಟೋಪಿ ಹೊಂದದಿದ್ದರೆ ತಲೆಯನ್ನು ಕೆತ್ತು ಎಂದಂತಾಯಿತು. 'ಬ್ಯಾಂಕ್‌ನಲ್ಲಿ' ಎಂಬುದನ್ನು 'ಬ್ಯಾಂಕಿನಲ್ಲಿ' ಎಂದು ಬರೆದು ಪಾರಾಗಬಹುದು, ನಿಜ. ಆದರೆ ತನ್ನ ಊರಿನ ಹೆಸರನ್ನು ತಾನು ಹೇಗೆ ಬರೆಯಬೇಕೆಂಬುದನ್ನು ಒಂದು ಗುಡಿಸುವ ಯಂತ್ರವು ಗೊತ್ತುಮಾಡಬಾರದು.

ಹೆಸರಿನ ಮಾತು ಇರಲಿ. ಆ ಹುಡುಗ ಮಾಡುತ್ತಿದ್ದ ಕೆಲಸವೇನೆಂದು ಕೇಳಿದೆ. ಔರಾದ್ ತಾಲ್ಲೂಕಿನ ತನ್ನ ಹಳ್ಳಿಯಲ್ಲಿ ಅಜ್ಜಿ ಹೇಳುವ ಬೀಸುವ ಹಾಡು, ಮದುವೆಯ ಹಾಡುಗಳನ್ನು ಅವನು ಬರೆದಿಡುತ್ತಿದ್ದನಂತೆ. ನಮ್ಮ ಕಡೆಯ ಹಾಡುಗಳಲ್ಲಿ ಕನ್ನಡದೊಡನೆ ಮರಾಠಿ, ದಖನಿ ಮಾತುಗಳು ನೂಲಿನಂತೆ ಹೆಣೆದುಕೊಂಡಿರುತ್ತವೆ. ವ್ಯಂಜನಾಂತ ಪದಗಳಿಗೆ ಕೊನೆಯಿಲ್ಲ. ಮೂವತ್ತು ಹಾಡುಗಳನ್ನು ಬರೆದು ಕೂಡಿಟ್ಟ ಮೇಲೆ ತೆರೆದು ನೋಡಿದರೆ ಪದಪದವೂ ಕಲಸಿಹೋಗಿತ್ತು. ವರದಿ ಬರೆದ. ದೋಷವಿಲ್ಲವೆಂಬ ಉತ್ತರ ಹೋಯಿತು. ತನ್ನ ಬರಹವೇ ತಪ್ಪಿರಬೇಕೆಂದು ತಿಳಿದು ಕೆಲಸವನ್ನು ಬಿಟ್ಟುಬಿಟ್ಟ. ಆ ಆರು ತಿಂಗಳಲ್ಲಿ ಅಜ್ಜಿಗೆ ಕಿವಿ ಮಂದವಾಗಿ, ನೆನಪು ಸಡಿಲವಾಗಿ, ಈಗ ಹಾಡು ಹೇಳೆಂದರೆ ಬೇರೆ ಏನೋ ಮಾತು ಹೇಳುತ್ತಾಳಂತೆ. ಚಹ ಆರುವುದರೊಳಗೆ ನಾನು ಮುಚ್ಚಿದ ಐದರಲ್ಲಿ ಇದೊಂದು.

ಈ ಪ್ರಸಂಗದಿಂದ ನಾನು ಮುಟ್ಟಿರುವ ಅಭಿಪ್ರಾಯ ಇಷ್ಟು. ಸ್ವಯಂಸೇವೆಯ ಕೆಲಸದಲ್ಲಿ ದೋಷವನ್ನು ಹೇಳುವುದೂ ಸೇವೆ, ಕೇಳುವುದೂ ಸೇವೆ. ಎರಡಕ್ಕೂ ಶಿಕ್ಷಣ ಬೇಕು. ನಮ್ಮಲ್ಲಿ ಎರಡಕ್ಕೂ ಶಿಕ್ಷಣವಿಲ್ಲ. ತಂತ್ರಾಂಶ ಬರೆಯುವವರು ಸಾಲದೆಂದು ನಾವು ಕೊರಗುತ್ತೇವೆ. ಬರೆದದ್ದನ್ನು ಬಳಸಿ, ಕೆಟ್ಟದ್ದನ್ನು ಕಂಡು, ಕಂಡದ್ದನ್ನು ಕಂಡಂತೆ ಬರೆಯುವವರು ಅದಕ್ಕಿಂತಲೂ ಸಾಲದು.

ಮೊದಲು ಹೇಳುವವರ ವಿಷಯ. ಅತ್ತರೆ ಮಾತ್ರ ತಾಯಿ ಹಾಲು ಕೊಡುವಳೆಂಬ ಗಾದೆಯನ್ನು ನಂಬಿ ನಮ್ಮ ಜನ ವರದಿಯ ಬದಲು ಅಳುವನ್ನು ಬರೆಯುತ್ತಾರೆ. 'ಏನೂ ಕೆಲಸ ಮಾಡುವುದಿಲ್ಲ', 'ಕನ್ನಡಕ್ಕೆ ಯಾವಾಗಲೂ ಅನ್ಯಾಯ' ಎಂಬಂಥ ವರದಿಗಳು ನನ್ನಲ್ಲಿ ರಾಶಿಯಾಗಿವೆ. ಅಳುವಿನಿಂದ ನೋವು ತಿಳಿಯುತ್ತದೆ, ನೋವಿನ ಸ್ಥಳ ತಿಳಿಯುವುದಿಲ್ಲ. ಪುಟ್ಟಿ ಎಂಬ ಪ್ರಸಿದ್ಧ ತಂತ್ರಾಂಶವನ್ನು ಬರೆದ ಸೈಮನ್ ಟೇಥಮ್ ಅವರು ದೋಷವರದಿಯನ್ನು ಬರೆಯುವುದು ಹೇಗೆಂದು 1999ರಲ್ಲಿಯೇ ಒಂದು ಪ್ರಬಂಧ ಬರೆದಿದ್ದಾರೆ. ಓದುವವನ ಕಣ್ಣೆದುರಿಗೆ ದೋಷವು ಮತ್ತೊಮ್ಮೆ ನಡೆಯುವಂತೆ ಮಾಡಬೇಕೆಂಬುದು ಅದರ ಮುಖ್ಯ ಉಪದೇಶ. ನಾನು ಏನು ಮಾಡಿದೆ, ಏನಾಗಬೇಕೆಂದು ಎಣಿಸಿದ್ದೆ, ಏನಾಯಿತು ಎಂಬ ಮೂರು ಸಂಗತಿಗಳು. ಯಾವ ಯಂತ್ರದಲ್ಲಿ, ಯಾವ ಆವೃತ್ತಿಯಲ್ಲಿ ಎಂಬ ಒಂದು ಅಡಿಟಿಪ್ಪಣಿ. 'ಔರಾದ್‌ನಲ್ಲಿ ಎಂದು ಬರೆದೆ. ಉಳಿಸಿ ಮತ್ತೆ ತೆರೆದೆ. ನಕಾರವು ಒತ್ತಾಗಿತ್ತು' ಎಂಬ ಮೂರು ತುಂಡು ವಾಕ್ಯಗಳು ಬಂದಿದ್ದರೆ ನಾನು ಎಷ್ಟು ದಡ್ಡನಾಗಿದ್ದರೂ ಅರ್ಧ ಗಂಟೆಯಲ್ಲಿ ಅದನ್ನು ಕಾಣುತ್ತಿದ್ದೆ.

ಹೀಗೆ ಬರೆಯುವುದು ಯಂತ್ರವಿದ್ಯೆಯ ವಿಷಯವಲ್ಲ, ಗದ್ಯದ ವಿಷಯ. ಆದ್ದರಿಂದ ಅದು ಭಾಷೆಯ ಅಧ್ಯಾಪಕರ ಹೊಣೆ. ನಾವು ಮಕ್ಕಳಿಂದ ಮಳೆಗಾಲದ ವರ್ಣನೆಯನ್ನು ಬರೆಯಿಸುತ್ತೇವೆ, ಜಾತ್ರೆಯ ವರ್ಣನೆಯನ್ನು ಬರೆಯಿಸುತ್ತೇವೆ. ಕಂಡದ್ದನ್ನು ಕ್ರಮತಪ್ಪದೆ, ಊಹೆಯನ್ನು ಬೆರೆಸದೆ, ಇನ್ನೊಬ್ಬನು ಅದೇ ಹಾದಿಯಲ್ಲಿ ನಡೆದು ಅದೇ ಜಾಗವನ್ನು ಮುಟ್ಟುವಂತೆ ಬರೆಯುವುದನ್ನು ಕಲಿಸುವುದಿಲ್ಲ. ಕಾರಣವನ್ನು ಊಹಿಸಿ ಹೇಳುವವನಿಗಿಂತ ಕಂಡದ್ದನ್ನು ಮಾತ್ರ ಹೇಳುವವನು ಹೆಚ್ಚು ಉಪಕಾರಿ ಎಂಬ ವಿವೇಕ ಪ್ರಬಂಧದ ತರಗತಿಯಲ್ಲಿಯೇ ಬರಬೇಕಾದದ್ದು. ಬರವಣಿಗೆಯ ಮೂಲಕ ನಡೆದ ವಾದಕ್ಕೆ ಜಯವುಂಟೆಂಬುದಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. ಹಳೆಯ ಕನ್ನಡ ಬರಹಗಳಲ್ಲಿ ಕಾಣುವ ನಕಾರಪೊಲ್ಲಿಗೆ ಯೂನಿಕೋಡಿನಲ್ಲಿ ಬಹುಕಾಲ ಸ್ಥಾನವಿರಲಿಲ್ಲ. ಇಂಥ ಅಕ್ಷರಕ್ಕೆ ಸ್ಥಾನ ಬೇಕಾದರೆ, ಅದು ಬಳಕೆಯಲ್ಲಿದ್ದುದಕ್ಕೆ ಸಾಕ್ಷ್ಯಗಳನ್ನು ಒದಗಿಸಿ ಲಿಖಿತವಾಗಿ ಪ್ರಸ್ತಾಪಿಸಬೇಕೆಂಬುದು ಅಲ್ಲಿಯ ನಿಯಮ. ಆ ಹಾದಿಯಲ್ಲಿ ನಡೆದು ಅದು 2021ರ 14ನೆಯ ಆವೃತ್ತಿಯಲ್ಲಿ ಸೇರಿತು. ಅಲ್ಲಿ ಫಲಿಸಿದ್ದು ಸಾಕ್ಷ್ಯ.

ಇನ್ನು ಕೇಳುವವರ ವಿಷಯ. ಇಲ್ಲಿ ನಾನು ನನಗೇ ಬುದ್ಧಿ ಹೇಳಿಕೊಳ್ಳುತ್ತಿದ್ದೇನೆಂದು ತಿಳಿದರೂ ತಪ್ಪಿಲ್ಲ. ವರದಿ ಕೊಟ್ಟವನು ಬರೆದ ಅಕ್ಷರಗಳನ್ನೇ ತರಿಸಿಕೊಂಡು ಪರೀಕ್ಷಿಸಬೇಕು. ಅವನ್ನು ನಮ್ಮ ರೂಢಿಗೆ ತಿದ್ದಿಕೊಂಡು ಪರೀಕ್ಷಿಸಬಾರದು. 'ದೋಷವಿಲ್ಲ' ಎಂದು ಬರೆಯುವ ಬದಲು 'ನಾನು ಹೀಗೆ ಹೀಗೆ ಮಾಡಿ ನೋಡಿದೆ, ನನಗೆ ಕಾಣಲಿಲ್ಲ. ನೀವು ಮಾಡಿದ್ದು ಬೇರೆಯಾಗಿದ್ದರೆ ತಿಳಿಸಿ' ಎಂದು ಬರೆಯಬೇಕು. ಮೊದಲನೆಯದು ತೀರ್ಪು, ಎರಡನೆಯದು ಸಂಭಾಷಣೆ. ಮತ್ತು ಮೌನವನ್ನು ಆರೋಗ್ಯದ ಲಕ್ಷಣವೆಂದು ಎಣಿಸಬಾರದು. ದಕ್ಷಿಣದಿಂದ ನೂರು ವರದಿ ಬಂದು ಬೀದರಿನಿಂದ ಒಂದೂ ಬರದಿದ್ದರೆ, ಬೀದರಿನಲ್ಲಿ ಎಲ್ಲವೂ ಸರಿಯಾಗಿದೆಯೆಂದು ಅರ್ಥವಲ್ಲ. ಇಲ್ಲಿಯವರು ಹೇಳುವುದನ್ನು ಬಿಟ್ಟಿದ್ದಾರೆಂದೂ ಅರ್ಥವಾಗಬಹುದು.

ಆದರೆ ಕೇಳುವವನಿಗೂ ಒಂದು ಮಿತಿಯುಂಟು. ಅವನು ಸಂಬಳಗಾರನಲ್ಲ. ಅವನಿಗೂ ಮನೆ, ಮಕ್ಕಳು, ಕಾಯಿಲೆ, ಪರೀಕ್ಷೆಯ ಉತ್ತರಪತ್ರಿಕೆಗಳು ಇರುತ್ತವೆ. 'ಇದು ನಮ್ಮಿಂದ ಈಗ ಆಗದು' ಎನ್ನುವ ಹಕ್ಕು ಅವನಿಗೆ ಇರಲೇಬೇಕು. ಆಗುವುದಿಲ್ಲವೆಂಬುದು ಒಂದು ಉತ್ತರ. ಕಾರಣಸಹಿತವಾಗಿ ಹೇಳಿದರೆ ಗೌರವಯುತವಾದ ಉತ್ತರ. ಈ ಹಕ್ಕನ್ನು ಕಸಿದುಕೊಂಡರೆ ಏನಾಗುತ್ತದೆಂಬುದನ್ನು 2024ರಲ್ಲಿ ಲೋಕವೆಲ್ಲ ಕಂಡಿತು. ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶ, ಅಸಂಖ್ಯಾತ ಗಣಕಗಳಲ್ಲಿ ಕಡತಗಳನ್ನು ಅಡಕ ಮಾಡುವ ಸಾಧನ, ಬಹುಕಾಲ ಒಬ್ಬನೇ ಸ್ವಯಂಸೇವಕನ ಹೆಗಲ ಮೇಲಿತ್ತು. 2022ರ ಸುಮಾರಿಗೆ ಅಪರಿಚಿತ ಹೆಸರುಗಳಿಂದ ಅವನಿಗೆ ದೂರುಗಳ ಮೇಲೆ ದೂರುಗಳು ಬಂದವು: ಕೆಲಸ ನಿಧಾನ, ನಿನ್ನಿಂದಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡು ಎಂದು. ತನ್ನ ಮನಸ್ಸಿನ ಆರೋಗ್ಯ ಚೆನ್ನಾಗಿಲ್ಲ, ಇದು ಸಂಬಳವಿಲ್ಲದ ಹವ್ಯಾಸವೆಂದು ಅವನು ಹೇಳಿಕೊಂಡರೂ ಒತ್ತಡ ನಿಲ್ಲಲಿಲ್ಲ. ಕೊನೆಗೆ ಸಹಾಯಕ್ಕೆಂದು ಬಂದು ನಂಬಿಕೆ ಗಳಿಸಿದವನ ಕೈಗೆ ಅಧಿಕಾರ ಹೋಯಿತು. 2024ರ ಆರಂಭದಲ್ಲಿ ಆ ಕೈಯೇ ಅದರೊಳಗೆ ಒಂದು ಕಳ್ಳಬಾಗಿಲನ್ನು ಕೊರೆಯಿತು. ದೂರುಗಳು ಹೂಟದ ಭಾಗವಾಗಿದ್ದವೆಂದು ಬಲ್ಲವರ ಅಭಿಪ್ರಾಯ.

ಆ ಕಳ್ಳಬಾಗಿಲನ್ನು ಕಂಡುಹಿಡಿದ ಬಗೆಯೂ ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದೇ. ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರಿಗೆ ದೂರದ ಗಣಕದೊಳಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ತಡವಾಗುತ್ತಿರುವುದು ಗಮನಕ್ಕೆ ಬಂದಿತು. ಅರ್ಧ ಸೆಕೆಂಡನ್ನು ನಾವು ನೀವಾಗಿದ್ದರೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವರು ಬೆನ್ನುಹತ್ತಿ, ಅಳೆದು ನೋಡಿ, ಕಂಡದ್ದನ್ನು ಹೆಜ್ಜೆಹೆಜ್ಜೆಯಾಗಿ ಬರೆದು, 2024ರ ಮಾರ್ಚ್ 29ರಂದು ಬಹಿರಂಗಪಡಿಸಿದರು. ಒಂದೇ ಕತೆಯಲ್ಲಿ ಎರಡು ಬಗೆಯ ಮಾತುಗಳಿವೆ. ಜರಿಯುವ ಮಾತು ಒಂದು ಸಾಧನವನ್ನು ಕೆಡಿಸಿತು; ಅಳೆದು ಹೇಳಿದ ಮಾತು ಅದನ್ನು ಉಳಿಸಿತು.

ನಮ್ಮ ಹುಡುಗರಿಗೆ ಇಂಗ್ಲಿಷ್ ಬಾರದು, ದಫ್ತರವೆಲ್ಲ ಇಂಗ್ಲಿಷಿನಲ್ಲಿದೆ, ಆದ್ದರಿಂದ ಇದು ನಮ್ಮ ಪಾಲಿನದಲ್ಲ ಎಂಬ ಆಕ್ಷೇಪವೊಂದಿದೆ. ಆಕ್ಷೇಪದಲ್ಲಿ ಸತ್ಯಾಂಶವಿದೆ, ಅದರಿಂದ ಎಳೆದ ತೀರ್ಮಾನ ಮಾತ್ರ ಸರಿಯಲ್ಲ. ದೋಷವನ್ನು ಕಾಣುವುದಕ್ಕೆ ಇಂಗ್ಲಿಷ್ ಬೇಡ. 1956ರಲ್ಲಿ ಹೈದರಾಬಾದ್ ರಾಜ್ಯವು ಮೂರು ಪಾಲಾದಾಗ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್‌ಗಳು ಮೈಸೂರಿಗೆ ಬಂದವು. ಉದಗೀರ, ನಿಲಂಗಾ ಮುಂಬಯಿಗೆ ಹೋದವು. ಗೆರೆ ನಕ್ಷೆಯ ಮೇಲೆ ಬಿದ್ದಿತು; ನಾಲಗೆಯ ಮೇಲೆ ಬೀಳಲಿಲ್ಲ. ಇಂದಿಗೂ ನಮ್ಮ ಒಂದೊಂದು ತರಗತಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗುಗಳನ್ನು ಮನೆಮಾತಾಗಿ ಆಡುವ ಮಕ್ಕಳು ಒಂದೇ ಬೆಂಚಿನ ಮೇಲೆ ಕೂಡುತ್ತಾರೆ. ನಾಲ್ಕು ಭಾಷೆಗಳೂ ಮೂರು ನಾಲ್ಕು ಲಿಪಿಗಳೂ ಸಂಧಿಸುವ ಸ್ಥಳದಲ್ಲಿಯೇ ತಂತ್ರಾಂಶದ ಹೊಲಿಗೆ ಬಿಚ್ಚುವುದು. ಆದ್ದರಿಂದ ಬೀದರ್ ಜಿಲ್ಲೆಯ ವಿದ್ಯಾರ್ಥಿಗಳಿಗಿಂತ ಒಳ್ಳೆಯ ಪರೀಕ್ಷಕರು ಸಿಕ್ಕುವುದು ಕಷ್ಟ. ಒಂದು ಕಾಲೇಜಿಗೆ ಒಬ್ಬರು ಅಧ್ಯಾಪಕರು, ಐದು ವಿದ್ಯಾರ್ಥಿಗಳು, ವಾರಕ್ಕೆ ಒಂದು ಗಂಟೆ. ಹುಡುಗರು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಬರೆಯಲಿ. ಸೋಸುವ, ಕೂಡಿಸುವ, ಇಂಗ್ಲಿಷಿಗೆ ದಾಟಿಸುವ ಕೆಲಸವನ್ನು ಅಧ್ಯಾಪಕರು ಮಾಡಲಿ. ಇದಕ್ಕೆ ಸರಕಾರದ ಅನುದಾನವೂ ಬೇಡ, ಉದ್ಘಾಟನೆಯ ಸಮಾರಂಭವೂ ಬೇಡ.

ಭಾಲ್ಕಿಯ ಹೆಸರು ಬಂದ ಮೇಲೆ ಅಲ್ಲಿಯ ಹಿರೇಮಠದ ಡಾಕ್ಟರ್ ಚನ್ನಬಸವ ಪಟ್ಟದ್ದೇವರನ್ನು ನೆನೆಯದಿದ್ದರೆ ಕೃತಘ್ನತೆಯಾದೀತು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಶಾಲೆಯೆಂಬ ಹಲಗೆಯನ್ನು ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು ಅವರು. ಅಂದು ಕನ್ನಡದ ಕೊರತೆಯನ್ನು ಹೇಳಿಕೊಳ್ಳಲು ತೆರೆದ ದಫ್ತರವಿರಲಿಲ್ಲ. ಇಂದು ದಫ್ತರ ತೆರೆದಿದೆ. ಹಲಗೆಯ ಮರೆ ಬೇಕಾಗಿಲ್ಲ. ಬರೆಯುವವರು ಮಾತ್ರ ಬೇಕಾಗಿದ್ದಾರೆ.

ಕತೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಭಾಲ್ಕಿಯಿಂದ ಹಿಂದಿರುಗಿದ ರಾತ್ರಿಯೇ ಮುಚ್ಚಿದ ವರದಿಯನ್ನು ಮತ್ತೆ ತೆರೆದೆ. ಹುಡುಗನು ಮಾಡಿ ತೋರಿಸಿದ ಮೂರು ಹೆಜ್ಜೆಗಳನ್ನು ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಅವನ ಕ್ಷಮೆ ಕೇಳಿದೆ. ಎರಡು ದಿನಗಳಲ್ಲಿ, ನಾನು ಎಂದೂ ನೋಡದ ಒಬ್ಬ ಸ್ವಯಂಸೇವಕನ ಉತ್ತರ ಬಂದಿತು. ಅವನು ಪಾರಸೀ ಭಾಷೆಯವನು. ಪಾರಸೀ ಬರವಣಿಗೆಯಲ್ಲಿಯೂ ಇದೇ ತಡೆಯ ಚಿಹ್ನೆ ಹೆಜ್ಜೆಹೆಜ್ಜೆಗೆ ಬೇಕು. ತನ್ನವರ ಪದಗಳೂ ಹೀಗೆಯೇ ಅಂಟಿಕೊಳ್ಳುತ್ತಿವೆ, ಆದರೆ ಕಾರಣ ತಿಳಿದಿರಲಿಲ್ಲವೆಂದು ಬರೆದಿದ್ದನು. ಪಾರಸೀಕ ದೇಶದ ಗೀಲಾನಿನಿಂದ ಬಂದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸವು ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ಐದೂವರೆ ಶತಮಾನಗಳ ಮೇಲೆ ಆ ನಾಡಿನ ಭಾಷೆಗೂ ನಮ್ಮ ಔರಾದಿಗೂ ಒಂದೇ ಕಾಣದ ಚಿಹ್ನೆಯ ನ್ಯಾಯ ಬೇಕಾಗಿತ್ತು. ಕೆಲವು ವಾರಗಳಲ್ಲಿ, ಮೂರನೆಯ ಒಬ್ಬರು ಗುಡಿಸುವ ಪಟ್ಟಿಯಿಂದ ಆ ಚಿಹ್ನೆಯನ್ನು ಬಿಟ್ಟುಕೊಟ್ಟರು. ಬದಲಾದದ್ದು ಒಂದೇ ಸಾಲು.

ಆದರೆ ಹಿಂದೆ ಗುಡಿಸಿಹೋದ ಚಿಹ್ನೆಗಳು ಮರಳಿ ಬರಲಿಲ್ಲ. ಆ ಮೂವತ್ತು ಹಾಡುಗಳನ್ನು ಹುಡುಗನೂ ಅವನ ಇಬ್ಬರು ಗೆಳೆಯರೂ ಕುಳಿತು ಕೈಯಿಂದಲೇ ತಿದ್ದಬೇಕಾಯಿತು. ಕೆಲವು ಸಾಲುಗಳಲ್ಲಿ ಪದ ಯಾವುದೆಂದು ತಿಳಿಯದೆ ಅಜ್ಜಿಯನ್ನು ಕೇಳಿದರಂತೆ. ಅವಳು ನಕ್ಕಳಂತೆ, ಹೇಳಲಿಲ್ಲವಂತೆ. ಆ ಸಾಲುಗಳ ಎದುರಿಗೆ ಅವನು ಚುಕ್ಕಿಗಳನ್ನು ಹಾಕಿಟ್ಟಿದ್ದಾನೆ.

ನೌಬಾದಿನ ಬಳಿ ಬಹಮನಿಯವರ ಕಾಲದ ಸುರಂಗ ಬಾವಿಯುಂಟು. ನೆಲದಡಿಯಲ್ಲಿ ನೀರು ಹರಿಯುವ ಆ ಕಾಲುವೆಗೆ ಮೇಲಿನಿಂದ ಅಲ್ಲಲ್ಲಿ ಕಿಂಡಿಗಳನ್ನು ಬಿಟ್ಟಿದ್ದಾರೆ. ಗಾಳಿ ಬೆಳಕು ಹೋಗಲಿ, ಹೂಳು ತುಂಬಿದರೆ ಮನುಷ್ಯನು ಇಳಿದು ತೆಗೆಯಲಿ ಎಂದು. ಕಿಂಡಿಗಳು ಮುಚ್ಚಿಹೋದರೆ ಕಾಲುವೆ ಒಳಗೊಳಗೇ ಕಟ್ಟುತ್ತದೆ. ಮೇಲೆ ನಡೆಯುವವನಿಗೆ ಅದು ತಿಳಿಯುವುದೂ ಇಲ್ಲ. ಈಚೆಗೆ ಅತ್ತ ಹೋದಾಗಲೆಲ್ಲ ನನಗೆ ನನ್ನ ಬೆಳಗಿನ ಗಂಟೆ ನೆನಪಾಗುತ್ತದೆ. ಈಗಲೂ ವರದಿಗಳನ್ನು ಮುಚ್ಚುತ್ತೇನೆ. ಮುಚ್ಚದೆ ಆ ಕೆಲಸ ಸಾಗದು. ಆದರೆ ಮುಚ್ಚುವ ಮೊದಲು, ಬರೆದವನ ಊರು ಯಾವುದೆಂದು ಕೇಳಿ, ಅವನು ಬರೆದಂತೆಯೇ ಒಮ್ಮೆ ಬರೆದು ನೋಡುತ್ತೇನೆ. ಚಹ ಆರಿದರೆ ಆರಲಿ.